ಸ್ಲೋ ಕುಕ್ಕರ್ ಅಡುಗೆಗೆ ರುಚಿ: ಮೊದಲೇ ಹುರಿಯಬೇಕೇ, ಕೊನೆಯಲ್ಲಿ ಹದ ಮಾಡಬೇಕೇ?

ಸ್ಲೋ ಕುಕ್ಕರ್ (ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆ) ಬಳಸುವವರಲ್ಲಿ ಬಹಳ ಜನ ಹೇಳುವ ದೂರು ಒಂದೇ. ಮನೆಯೆಲ್ಲ ಘಮಘಮ ಎನ್ನುತ್ತದೆ, ಮಾಂಸ ಚಮಚ ತಾಗಿಸಿದರೆ ಬಿಟ್ಟುಕೊಳ್ಳುವಷ್ಟು ಬೆಂದಿರುತ್ತದೆ, ಬಾಯಿಗಿಟ್ಟರೆ ಮಾತ್ರ ಸಪ್ಪೆ. ಇದಕ್ಕೆ ಉಪಾಯ ಹೇಳುವವರಲ್ಲಿ ಎರಡು ಪಂಗಡ. ಎಲ್ಲವನ್ನೂ ಬಾಣಲೆಯಲ್ಲಿ ಹುರಿದೇ ಹಾಕಬೇಕು ಅನ್ನುವವರು ಕೆಲವರು. ಹಸಿಯದನ್ನೇ ತುಂಬಿಸಿಟ್ಟು, ಇಳಿಸುವ ಹೊತ್ತಿಗೆ ರುಚಿ ಕೂಡಿಸಿದರೆ ಸಾಕು ಅನ್ನುವವರು ಇನ್ನು ಕೆಲವರು. ಎರಡನ್ನೂ ಮಾಡಿ ನೋಡಿದ್ದೇನೆ. ಮಾಂಸ, ಈರುಳ್ಳಿ, ಕ್ಯಾರೆಟ್, ಟೊಮೆಟೊ ಹಾಕಿದ ಅದೇ ಅಡುಗೆ, ಒಂದು ಸಲಕ್ಕೆ ಒಂದೇ ಬದಲಾವಣೆ. ಇಡೀ ದಿನ ಬೇಯಿಸಿದ್ದನ್ನು ಸಪ್ಪೆ ಅಂತ ಪಕ್ಕಕ್ಕೆ ಸರಿಸುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ, ಅದಕ್ಕೇ ಇಷ್ಟು ಹಟ.

ಹುರಿಯುವವರ ವಾದದಲ್ಲಿ ಸತ್ವ ಇಲ್ಲದಿಲ್ಲ. ಪಾತ್ರೆಯೊಳಗಿನ ರಸ ನೀರು ಕುದಿಯುವ 100 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ ಬಂದು ನಿಲ್ಲುತ್ತದೆ, ಮೇಲೆ ಹೋಗುವುದಿಲ್ಲ. ಹುರಿದ ಮಾಂಸಕ್ಕೆ, ಬ್ರೆಡ್ಡಿನ ಕೆಂಪು ಹೊರಪದರಕ್ಕೆ ಘಮ ಕೊಡುವ ರಾಸಾಯನಿಕ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀಯ್ ಮಯಾರ್ 1912ರಲ್ಲಿ ವಿವರಿಸಿದರು. ಅದು ಚುರುಕಾಗುವುದು 140 ಡಿಗ್ರಿಯ ಆಸುಪಾಸಿನಲ್ಲಿ, ಅದೂ ಮೇಲ್ಮೈ ಒಣಗಿದ್ದರೆ. ಸ್ಲೋ ಕುಕ್ಕರಿನಲ್ಲಿ ಈ ಎರಡೂ ಇಲ್ಲ.

ಹಾಗಂತ ಹುರಿಯುವುದೆಲ್ಲ ಒಂದೇ ಅಲ್ಲ. ಮಾಂಸ ಮಾತ್ರ ಹುರಿದು ಈರುಳ್ಳಿ ಹಸಿಯಾಗಿ ಹಾಕಿದಾಗ ಗ್ರೇವಿಯ ಬಣ್ಣ ಏರಿತು, ಮಾಂಸದ ರುಚಿ ಒಂದಿಷ್ಟು ಗಟ್ಟಿಯಾಯಿತು. ಆದರೆ ಹಸಿ ಈರುಳ್ಳಿ ಬೆಂದ ಆ ಸಿಹಿಸಿಹಿ ವಾಸನೆ ಹಾಗೇ ಉಳಿಯಿತು. ತಿರುಗಿಸಿ ಮಾಡಿದೆ: ಮಾಂಸ ಹಸಿ, ಈರುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ಅದರ ಮೇಲೆ ಟೊಮೆಟೊ ಪೇಸ್ಟ್ ಹಾಕಿ ಎಣ್ಣೆ ಬಿಡುವವರೆಗೆ ಬಾಡಿಸಿದ್ದು. ಇದು ಮಾಂಸ ಹುರಿದದ್ದಕ್ಕಿಂತ ಸ್ಪಷ್ಟವಾಗಿ ಮೇಲು. ಈರುಳ್ಳಿಯ ನೀರೆಲ್ಲ ಬಾಣಲೆಯಲ್ಲೇ ಹೋಗಿರುತ್ತದೆ, ಅದರ ರುಚಿ ಇಡೀ ರಸಕ್ಕೆ ಹರಡುತ್ತದೆ. ಮಾಂಸದ್ದಾದರೆ ಹೊರ ಅಂಚಿನಲ್ಲಷ್ಟೇ ಹುರಿದ ಪದರ ಇರುತ್ತದೆ, ಗಂಟೆಗಟ್ಟಲೆ ರಸದಲ್ಲಿ ಮುಳುಗಿ ಅದೂ ಮೆತ್ತಗಾಗುತ್ತದೆ. ಎರಡನ್ನೂ ಹುರಿದರೆ ಇನ್ನೂ ಚೆನ್ನ, ನಿಜ. ಆದರೆ ಬೆಳಗಿನ ಗಡಿಬಿಡಿಯಲ್ಲಿ ಒಂದನ್ನೇ ಆರಿಸಬೇಕಾದರೆ ನಾನು ಈರುಳ್ಳಿಯನ್ನೇ ಆರಿಸುತ್ತೇನೆ.

ಯಾವುದನ್ನು ಹುರಿದರೂ ಬಾಣಲೆಯ ತಳಕ್ಕೆ ಕಂದಾಗಿ ಹಿಡಿದದ್ದನ್ನು ಬಿಡಬಾರದು. ಬಿಸಿ ಇರುವಾಗಲೇ ಕಾಲು ಲೋಟ ನೀರು ಹಾಕಿ ಮರದ ಸೌಟಿನಿಂದ ಕೆರೆದರೆ ಚುರ್ ಎಂದು ಎದ್ದುಬರುತ್ತದೆ. ಹುರಿದದ್ದನ್ನು ಮಾತ್ರ ಎತ್ತಿ ಹಾಕಿದ ಅಡುಗೆಗೂ, ಈ ಕಂದು ನೀರನ್ನು ಸೇರಿಸಿದ ಅಡುಗೆಗೂ ಅಜಗಜಾಂತರ. ತಳ ಕಪ್ಪಾಗಿ ಸೀದಿದ್ದರೆ ಮಾತ್ರ ಬೇಡ, ಕಹಿ ಇಳಿಯುತ್ತದೆ.

ಇನ್ನು ನೀರು. ಹುರಿಯುವುದರ ಬಗ್ಗೆ ಇಷ್ಟು ಚರ್ಚೆ ಮಾಡುವವರು ನೀರಿನ ಬಗ್ಗೆ ಮಾತೇ ಆಡುವುದಿಲ್ಲ, ನನಗೆ ಅತಿ ದೊಡ್ಡ ವ್ಯತ್ಯಾಸ ಕಂಡದ್ದು ಅಲ್ಲೇ. ಒಲೆಯ ಮೇಲೆ ಮಾಡುವ ಅಳತೆಯಲ್ಲೇ ನೀರು ಹಾಕಿದ್ದು ಒಂದು, ಅದರ ಅರ್ಧ ಹಾಕಿದ್ದು ಇನ್ನೊಂದು. ಮುಚ್ಚಳದ ಒಳಗೆ ಏರಿದ ಹಬೆ ಹನಿಯಾಗಿ ಮತ್ತೆ ಪಾತ್ರೆಗೇ ಬೀಳುತ್ತದೆ, ಆರಿಹೋಗುವುದು ಅತ್ಯಲ್ಪ. ಮೇಲಿಂದ ಮಾಂಸ, ತರಕಾರಿ ತಾವೇ ನೀರು ಬಿಡುತ್ತವೆ. ಪೂರ್ತಿ ಅಳತೆಯದು ತೆಳ್ಳಗೆ, ಬೇಯಿಸಿದ ನೀರಿನ ಹಾಗೆ ಬಂತು. ಅರ್ಧ ಅಳತೆಯದಕ್ಕೆ ಬೇರೆ ಏನೂ ಸೇರಿಸದೆಯೇ ರುಚಿ ಕೂತಿತ್ತು. ಖರ್ಚಿಲ್ಲ, ಶ್ರಮವಿಲ್ಲ.

ನೀರು ಜಾಸ್ತಿಯಾಗಿದ್ದರೆ ಏನು ಮಾಡುವುದು? ಮುಚ್ಚಳ ತೆಗೆದು ಬಿಡಿ ಎನ್ನುತ್ತಾರೆ. ಅರ್ಧ ಗಂಟೆ ಹಾಗೆ ಬಿಟ್ಟು ನೋಡಿದರೆ ಶಾಖ ಇಳಿಯಿತು, ನೀರು ಇಳಿದದ್ದು ಕಾಣಲೇ ಇಲ್ಲ. ಕಾರ್ನ್‌ಫ್ಲೋರ್ ಕಲಸಿ ಹಾಕಿದರೆ ಗಟ್ಟಿಯಾಗುತ್ತದೆ, ಆದರೆ ಗಟ್ಟಿಯಾದದ್ದು ಸಪ್ಪೆಯೇ. ರಸವನ್ನು ಬಗ್ಗಿಸಿ ಅಗಲ ಬಾಣಲೆಯಲ್ಲಿ ದೊಡ್ಡ ಉರಿಗೆ ಹತ್ತು ನಿಮಿಷ ಕುದಿಸುವುದೇ ಮೂರರಲ್ಲಿ ಗೆದ್ದದ್ದು. ಮೊದಲು ದೊಡ್ಡ ಗುಳ್ಳೆಗಳು ಬೇಗ ಬೇಗ ಒಡೆಯುತ್ತವೆ. ಆಮೇಲೆ ಗುಳ್ಳೆ ಸಣ್ಣಗಾಗಿ, ಸೌಟು ಎಳೆದ ಜಾಗದಲ್ಲಿ ಒಂದು ಕ್ಷಣ ತಳ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಉಪ್ಪು ನೋಡಬೇಕಾದದ್ದು ಇದರ ನಂತರ. ಮೊದಲೇ ಸರಿಮಾಡಿದ್ದರೆ ರಸ ಇಂಗಿದಾಗ ಉಪ್ಪುಪ್ಪಾಗುತ್ತದೆ. ಮಾಂಸದ ಮಟ್ಟಿಗೆ ಶುರುವಿನಲ್ಲೇ ಒಂದಿಷ್ಟು ಸವರಿಡಬೇಕು, ಒಳಗಿಳಿಯಲು ಸಮಯ ಬೇಕು.

ಮಸಾಲೆಯಲ್ಲಿ ಮೂರು ದಾರಿ ಹೋಲಿಸಿದೆ. ಪುಡಿಯನ್ನು ಬೆಳಗ್ಗೆಯೇ ಹಾಕಿದ್ದು ಸಂಜೆಗೆ ಮಂಕಾಗಿತ್ತು, ಕೊತ್ತಂಬರಿ, ಜೀರಿಗೆ ಯಾವುದು ಎಂದು ಬೇರೆ ಮಾಡಲೂ ಆಗದಷ್ಟು. ಮನೆಯೆಲ್ಲ ಹರಡುವ ಘಮ ಅಂದರೆ ಪಾತ್ರೆ ಬಿಟ್ಟು ಹೊರಟುಹೋದ ಘಮವೇ ತಾನೆ. ಇಡಿಯಾಗಿ ಹಾಕಿದ ಚಕ್ಕೆ, ಮೆಣಸು ಉಳಿದುಕೊಂಡವು. ಲವಂಗ ಮಾತ್ರ ಎಂಟು ಗಂಟೆಯಲ್ಲಿ ಎಲ್ಲರ ಮೇಲೂ ಸವಾರಿ ಮಾಡುತ್ತದೆ, ಅರ್ಧಕ್ಕಿಳಿಸಿದರೆ ಹಿತ. ಬಡಿಸುವ ಮುನ್ನ ಎಣ್ಣೆ ಕಾಯಿಸಿ, ಉರಿ ಆರಿಸಿ, ಪುಡಿ ಹಾಕಿ ಹಸಿ ವಾಸನೆ ಹೋದ ತಕ್ಷಣ ಮೇಲೆ ಸುರಿದದ್ದು ಈ ಎರಡನ್ನೂ ಹಿಂದೆ ಹಾಕಿತು. ಮಸಾಲೆಯ ಘಮದಲ್ಲಿ ಬಹುಪಾಲು ನೀರಿಗಿಂತ ಎಣ್ಣೆಯಲ್ಲೇ ಚೆನ್ನಾಗಿ ಕರಗುವಂಥದ್ದು. ಈಗ ನಾನು ಇಡಿಯಾದ ಮಸಾಲೆ ಬೆಳಗ್ಗೆ, ಪುಡಿ ಸಂಜೆ ಅಂತ ಹಂಚಿಕೊಂಡುಬಿಟ್ಟಿದ್ದೇನೆ. ಬೆಳ್ಳುಳ್ಳಿಯೂ ಹಾಗೆಯೇ: ಮುಕ್ಕಾಲು ಪಾಲು ಮೊದಲು, ಉಳಿದದ್ದು ಜಜ್ಜಿ ಕೊನೆಗೆ. ಸೊಪ್ಪಿನಲ್ಲಿ ಗಟ್ಟಿ ಎಲೆ ಮೊದಲಿಗೆ, ಎಳೆಯದು ಇಳಿಸಿದ ಮೇಲೆ.

ಹುಳಿಯ ವಿಷಯಕ್ಕೆ ಬಂದರೆ, ಬೆಳಗ್ಗೆ ಹಾಕಿದ ನಿಂಬೆರಸದ ತಾಜಾತನ ಸಂಜೆಗೆ ಉಳಿಯಲಿಲ್ಲ. ಅದೇ ಒಂದು ಚಮಚ ಬಡಿಸುವಾಗ ಹಿಂಡಿದರೆ ಇಡೀ ಪಾತ್ರೆಗೆ ಜೀವ ಬರುತ್ತದೆ. ಸಪ್ಪೆ ಅನ್ನಿಸಿದಾಗಲೆಲ್ಲ ಮತ್ತೆ ಉಪ್ಪಿಗೆ ಕೈಹಾಕುವ ಮುಂಚೆ ಒಂದು ಸೌಟು ರಸ ಬೇರೆ ತೆಗೆದು ನಾಲ್ಕು ಹನಿ ಹುಳಿ ಹಾಕಿ ನೋಡಿ. ಕಾಳಿನ ಅಡುಗೆಗಂತೂ ಹುಳಿ ಮೊದಲೇ ಬೇಡ, ಕಾಳು ಬೇಗ ಬೇಯುವುದಿಲ್ಲ. ಕಾಳಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಲೇಬೇಕು: ರಾಜ್ಮಾವನ್ನು ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ (30 ನಿಮಿಷವಾದರೆ ಇನ್ನೂ ಕ್ಷೇಮ) ಒಲೆಯ ಮೇಲೆ ಕೊತಕೊತ ಕುದಿಸದೆ ಸ್ಲೋ ಕುಕ್ಕರಿಗೆ ಹಾಕಬೇಡಿ. ಅದರಲ್ಲಿರುವ ಲೆಕ್ಟಿನ್ ವಿಷ ಕಡಿಮೆ ಶಾಖದಲ್ಲಿ ನಾಶವಾಗುವುದಿಲ್ಲ.

ರುಚಿ ದಪ್ಪವಾಗಲು ಸೋಯಾ ಸಾಸ್ ಮತ್ತು ಒಣ ಅಣಬೆ ಎರಡನ್ನೂ ಹಾಕಿ ನೋಡಿದೆ. ಸೋಯಾ ಸಾಸಿನಲ್ಲಿರುವುದು ಗ್ಲುಟಮೇಟ್, 1908ರಲ್ಲಿ ಜಪಾನಿನ ಕಿಕುನೆ ಇಕೆಡ ಕಡಲಕಳೆಯ ಸಾರಿನಿಂದ ಬೇರ್ಪಡಿಸಿ ಉಮಾಮಿ ಎಂದು ಹೆಸರಿಟ್ಟ ರುಚಿ. ಒಂದು ಚಮಚ ಸಾಕು, ಎರಡಾದರೆ ಅದರದೇ ರುಚಿ. ನನ್ನ ಮತ ಒಣ ಅಣಬೆಗೆ. ಅದರಲ್ಲಿರುವ ಗ್ವಾನಿಲೇಟ್ ಎಂಬ ಇನ್ನೊಂದು ರುಚಿಯ ಅಂಶ ಗ್ಲುಟಮೇಟಿನ ಜೊತೆ ಸೇರಿದರೆ ಎರಡರ ಬಲವೂ ಹೆಚ್ಚುತ್ತದೆ, ನೆನೆಸಿದ ನೀರನ್ನೂ ಸೋಸಿ ಹಾಕಬಹುದು. ಮಾಂಸವಿಲ್ಲದ ಅಡುಗೆಗೆ ಇದರಷ್ಟು ಒದಗಿಬಂದದ್ದು ಬೇರೊಂದಿಲ್ಲ.

ಕುಕ್ಕರಿನ ಶಾಖವನ್ನು ಲೋ ಇಡಬೇಕೋ ಹೈ ಇಡಬೇಕೋ ಎಂಬುದರಲ್ಲಿ ರುಚಿಯ ವ್ಯತ್ಯಾಸ ನನಗೆ ಹೆಚ್ಚು ಸಿಕ್ಕಲಿಲ್ಲ. ಎರಡೂ ಕೊನೆಗೆ ಮುಟ್ಟುವ ಶಾಖ ಹೆಚ್ಚುಕಡಿಮೆ ಒಂದೇ, ಮುಟ್ಟಲು ಹಿಡಿಯುವ ಹೊತ್ತು ಬೇರೆ.

ಒಂದೇ ಕಡೆ ಹತ್ತು ನಿಮಿಷ ಕೊಡಲು ಸಾಧ್ಯವಿದ್ದರೆ, ನಾನು ಕೊನೆಯಲ್ಲಿ ಕೊಡುತ್ತೇನೆ: ರಸ ಇಂಗಿಸಿ, ಎಣ್ಣೆಯಲ್ಲಿ ಮಸಾಲೆ ಅರಳಿಸಿ, ಹುಳಿ ಹಿಂಡಿ. ಹುರಿದು ಹಾಕಿ ಕೊನೆಯಲ್ಲಿ ಹಾಗೇ ಬಡಿಸಿದ ಅಡುಗೆ, ಹಸಿಯಾಗಿ ಹಾಕಿ ಕೊನೆಯಲ್ಲಿ ಹದ ಮಾಡಿದ ಅಡುಗೆಯ ಮುಂದೆ ಪ್ರತಿ ಸಲವೂ ಸೋತಿದೆ. ಬೆಳಗ್ಗೆಯೂ ಬಿಡುವಿದ್ದರೆ ಈರುಳ್ಳಿ ಹುರಿದುಕೊಳ್ಳಿ. ಎರಡೂ ಹೊತ್ತು ಬಿಡುವಿಲ್ಲದಿದ್ದರೆ ಹಿಂದಿನ ದಿನವೇ ಮಾಡಿಡಿ: ಅಗಲ ಪಾತ್ರೆಗೆ ಸುರಿದು, ಎರಡು ಗಂಟೆಯೊಳಗೆ ಫ್ರಿಜ್ಜಿಗೆ. ಮರುದಿನ ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ತೆಗೆದುಬಿಟ್ಟು, ಬಾಣಲೆಯಲ್ಲಿ ಕುದಿ ಬರಿಸಿ. ಸ್ಲೋ ಕುಕ್ಕರಿನಲ್ಲಿ ಮತ್ತೆ ಬಿಸಿ ಮಾಡಬಾರದು, ಅದು ಕಾಯುವುದು ನಿಧಾನ, ಅಷ್ಟರಲ್ಲಿ ಅಡುಗೆ ಕೆಡಬಹುದು.