ಅಂಟಾರ್ಕ್ಟಿಕಾ ಹಡಗಿಗೆ ಯಾವ ಲೆನ್ಸ್: 150-600 ಅಥವಾ 100-400?

ಒಂದೇ ಲೆನ್ಸ್ ಒಯ್ಯುವುದಾದರೆ 100-400 ಒಯ್ಯಿರಿ. (ಇವು ಮಿಲಿಮೀಟರ್‌ನಲ್ಲಿ ಜೂಮ್ ಅಳತೆ; ಸಂಖ್ಯೆ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ.) ರಾಯಚೂರಿನ ನನ್ನ ಫೋಟೊ ಗೆಳೆಯರು ಇದನ್ನು ಈಗಲೂ ಒಪ್ಪುವುದಿಲ್ಲ. 'ಅಷ್ಟು ದೂರ ಹೊಂಟೀರಿ, ದೊಡ್ಡದೇ ತಗೊಂಡು ಹೋಗ್ರಿ' ಅಂತ ಅವರ ವಾದ. ಅದಕ್ಕೇ ಎರಡನ್ನೂ ಹೊತ್ತೊಯ್ದೆ: ಸಿಗ್ಮಾ 150-600 ಕಂಟೆಂಪರರಿ, ಕ್ಯಾನನ್ ಆರ್‌ಎಫ್ 100-400. ಕ್ಯಾಮೆರಾ ಎರಡಕ್ಕೂ ಒಂದೇ, ಕ್ಯಾನನ್ ಆರ್7. ಸಿಗ್ಮಾ 1930 ಗ್ರಾಂ, ಕ್ಯಾನನ್ 635 ಗ್ರಾಂ. ಒಂದರ ತೂಕದಲ್ಲಿ ಇನ್ನೊಂದು ಮೂರು ಬರುತ್ತವೆ.

ಅರ್ಜೆಂಟೀನಾದ ತುದಿಯ ಬಂದರು ಉಶುವಾಯಾ ಬಿಟ್ಟು, ಅಂಟಾರ್ಕ್ಟಿಕಾಕ್ಕೆ ಮುಂಚಿನ ಡ್ರೇಕ್ ಜಲಸಂಧಿ ದಾಟುವಾಗ ಸಿಗ್ಮಾದ್ದೇ ಮೇಲುಗೈ. ಹಡಗಿನ ಹಿಂದೆ ಗಾಳಿಯಲ್ಲಿ ತೇಲುವ ಕಡಲಹಕ್ಕಿ ಆಲ್ಬಟ್ರಾಸ್, ದೂರದಲ್ಲಿ ಉಸಿರು ಚಿಮ್ಮಿಸುವ ತಿಮಿಂಗಿಲ, ಇವಕ್ಕೆ 600 ಬೇಕೇ ಬೇಕು. ಬೆಳಕಿನಲ್ಲೂ ಅದೇ ಮುಂದೆ: 600ರಲ್ಲೂ ಎಫ್ 6.3 ಸಿಗುತ್ತದೆ, ಕ್ಯಾನನ್ 400ಕ್ಕೇ ಎಫ್ 8ಕ್ಕೆ ಇಳಿಯುತ್ತದೆ (ಎಫ್ ಸಂಖ್ಯೆ ಚಿಕ್ಕದಾದಷ್ಟು ಒಳಬರುವ ಬೆಳಕು ಹೆಚ್ಚು). ಡೆಕ್ ಮೇಲೆ ಕಟಕಟೆಗೆ ಒರಗಿ ನಿಂತರೆ ತೂಕವೂ ಅಷ್ಟಾಗಿ ಕಾಡದು.

ನೆಲಕ್ಕೆ ಇಳಿದ ಮೇಲೆ ಲೆಕ್ಕವೇ ಬೇರೆ. ಪೆಂಗ್ವಿನ್‌ನಿಂದ 5 ಮೀಟರ್ ದೂರ ನಿಲ್ಲಬೇಕೆಂಬುದು ನಿಯಮ. ಅಷ್ಟು ದೂರದಿಂದ ಆರ್7ನಲ್ಲಿ 150ಕ್ಕೆ ಇಟ್ಟು ಕ್ಯಾಮೆರಾವನ್ನು ನಿಲುವಾಗಿ ತಿರುಗಿಸಿ ಹಿಡಿದರೂ ಜೆಂಟೂ ಪೆಂಗ್ವಿನ್ ತಲೆಯಿಂದ ಕಾಲಿನವರೆಗೆ ಇಕ್ಕಟ್ಟು. ಸುತ್ತಲಿನ ಹಿಮ, ಗೂಡಿನ ಕಲ್ಲು ಏನೂ ಬರುವುದಿಲ್ಲ. ನಿಯಮ ನಮಗೆ ಮಾತ್ರ, ಪೆಂಗ್ವಿನ್‌ಗಲ್ಲ. ಅವು ತಾವಾಗಿ ನಡೆದು ಹತ್ತಿರ ಬರುತ್ತವೆ. ಆಗ ಸಿಗ್ಮಾ ಹಿಡಿದವರಿಗೆ ಕೊಕ್ಕಷ್ಟೇ ಸಿಕ್ಕೀತು. 100ರಲ್ಲಿ ಸುತ್ತ ಜಾಗ ಉಳಿಯುತ್ತದೆ.

ಇನ್ನೊಂದು ಸಂಗತಿ ಹೊರಡುವ ಮುಂಚೆ ಯಾರೂ ಹೇಳಿರಲಿಲ್ಲ. ಹಕ್ಕಿ ಜ್ವರದ ಭಯದಿಂದ ಈಗ ಅಲ್ಲಿ ಮಂಡಿಯೂರುವಂತಿಲ್ಲ, ಕೂರುವಂತಿಲ್ಲ, ಬ್ಯಾಗನ್ನು ನೆಲಕ್ಕಿಡುವಂತಿಲ್ಲ. ಹಾಗಾಗಿ ಪೆಂಗ್ವಿನ್ ಕಣ್ಣಿನ ಮಟ್ಟದ ಚಿತ್ರ ಬೇಕೆಂದರೆ ನಿಂತಲ್ಲೇ ಬಾಗಿ, ಸ್ಕ್ರೀನ್ ಹೊರಗೆ ತಿರುಗಿಸಿ, ಕ್ಯಾಮೆರಾವನ್ನು ಕೈಯಲ್ಲೇ ಮೊಣಕಾಲಿನ ಕೆಳಗೆ ಇಳಿಸಬೇಕು. ಸಿಗ್ಮಾ ಹಾಕಿ ಹಾಗೆ ಹಿಡಿದರೆ ಮಣಿಕಟ್ಟು ನಡುಗಿ ಫ್ರೇಮ್ ಓಡಾಡುತ್ತದೆ. ಕ್ಯಾನನ್ ಹಾಕಿದರೆ ಒಂದೇ ಕೈ ಸಾಕು. ನನ್ನ ತೀರ್ಪು ಆದದ್ದು ಇಲ್ಲಿಯೇ.

ದಡಕ್ಕೆ ಒಯ್ಯುವ ರಬ್ಬರ್ ದೋಣಿಗೆ ಮೊದಲೇ ಅಭ್ಯಾಸ ಮಾಡಿದ್ದೆ, ಕೃಷ್ಣೆಯ ನಡುವಿನ ಕುರುವಗಡ್ಡೆಗೆ ಹೋಗುವ ಹರಿಗೋಲಿನಲ್ಲಿ. ಮೊಣಕೈ ಊರಲು ಎರಡರಲ್ಲೂ ಜಾಗವಿಲ್ಲ. ಕೃಷ್ಣೆಯ ನೀರು ಸಿಡಿದರೆ ಒರೆಸಿಕೊಂಡರಾಯಿತು, ಅಲ್ಲಿ ಸಿಡಿಯುವುದು ಉಪ್ಪುನೀರು. ನೀರು ತಡೆಯುವ ಪೂರ್ತಿ ಸೀಲಿಂಗ್ ಎರಡೂ ಲೆನ್ಸ್‌ಗಿಲ್ಲ, ಸಿಗ್ಮಾಕ್ಕೆ ಕ್ಯಾಮೆರಾಕ್ಕೆ ಕೂಡುವ ಮೌಂಟಿನ ಬಳಿ ಮಾತ್ರ ಒಂದು ರಬ್ಬರ್ ಬಳೆ. ರೇನ್ ಕವರ್ ಎರಡಕ್ಕೂ ಕಡ್ಡಾಯ. ದೋಣಿಯಲ್ಲಿ ಲೆನ್ಸ್ ಬದಲಿಸುವ ಮಾತೇ ಬೇಡ.

ಹಿಮದ ಎಕ್ಸ್‌ಪೋಶರ್‌ಗೆ, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಕೊಡಬೇಕೆಂಬುದಕ್ಕೆ, ಲೆನ್ಸ್ ಯಾವುದಾದರೂ ಒಂದೇ. ರಾಯಚೂರು ಎಪಿಎಂಸಿಯಲ್ಲಿ ಹತ್ತಿ ರಾಶಿ ಬರುವ ಹಂಗಾಮಿನಲ್ಲೇ ಕೈ ಪಳಗಿಸಿಕೊಳ್ಳಿ. ಕ್ಯಾಮೆರಾದ ಬೆಳಕಿನ ಮೀಟರ್ ಹೇಳಿದಂತೆ ಒತ್ತಿದರೆ ಬಿಳಿ ಹತ್ತಿ ಬೂದುಬಣ್ಣಕ್ಕೆ ತಿರುಗುತ್ತದೆ, ಎಕ್ಸ್‌ಪೋಶರ್ ಪ್ಲಸ್ 1ರ ಸುತ್ತ ಕೊಟ್ಟರೆ ಬೆಳ್ಳಗಾಗುತ್ತದೆ. ಹಿಮವೂ ಹಾಗೆಯೇ. ಹಿಸ್ಟೋಗ್ರಾಂ (ಸ್ಕ್ರೀನಿನಲ್ಲಿ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬಲಗೋಡೆಗೆ ಬಡಿಯದಂತೆ ನೋಡಿಕೊಂಡರೆ ಸಾಕು.

ಅಂಟಾರ್ಕ್ಟಿಕಾದ ಇಕ್ಕಟ್ಟಿನ ಸಮುದ್ರ ದಾರಿ ಲೆಮೇರ್ ಕಾಲುವೆಯಲ್ಲಿ ಎರಡನ್ನೂ ಚೀಲಕ್ಕೆ ಹಾಕಿದೆ. ಸುಮಾರು 11 ಕಿಲೋಮೀಟರ್ ಉದ್ದ, ಎರಡೂ ಕಡೆ ಗೋಡೆಯಂಥ ಬೆಟ್ಟ. ಅಷ್ಟು ಅಗಲದ ನೋಟಕ್ಕೆ ಅಲ್ಲಿ ಫೋನೇ ಸರಿ. ಆದರೆ ಚಳಿಗೆ ಅದರ ಚಾರ್ಜ್ ಬೇಗ ಇಳಿಯುತ್ತದೆ, ಕೈಗವಸು ತೆಗೆಯದೆ ಸ್ಕ್ರೀನ್ ಕೇಳುವುದಿಲ್ಲ. ಕ್ಯಾಮೆರಾದ ಹೆಚ್ಚುವರಿ ಬ್ಯಾಟರಿಗಳು ಒಳಜೇಬಿನಲ್ಲಿರಲಿ. ಕ್ಯಾಬಿನ್ನಿಗೆ ಹೋಗುವ ಮುನ್ನ ಕ್ಯಾಮೆರಾವನ್ನು ಜಿಪ್‌ ಚೀಲದಲ್ಲಿ ಮುಚ್ಚಿ, ಒಳಗೆ ಹೋದ ಮೇಲೆ ಅರ್ಧ ತಾಸು ಹಾಗೇ ಬಿಡಿ. ಇಲ್ಲದಿದ್ದರೆ ಗಾಜಿನ ಮೇಲೆ ಮಂಜು ಕಟ್ಟುತ್ತದೆ.

ಸಿಗ್ಮಾ ಬೇಕೇ ಬೇಕು ಎನ್ನುವವರು ಹೈದರಾಬಾದಿನಲ್ಲಿ ವಿಮಾನ ಹತ್ತುವ ಮೊದಲು ಚೀಲ ತೂಗಿ ನೋಡಿ. ಹೆಚ್ಚಿನ ವಿಮಾನಗಳಲ್ಲಿ ಕೈಚೀಲಕ್ಕೆ 7 ಕೆಜಿ ಮಿತಿ, ಬಿಡಿ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಚೆಕ್-ಇನ್‌ಗೆ ಹಾಕುವಂತಿಲ್ಲ, ಮೇಲೆ ಲ್ಯಾಪ್‌ಟಾಪ್‌ನ ಭಾರ ಬೇರೆ. ನಾನು ಸ್ವೆಟರ್ ಮೈಮೇಲೆ ಹಾಕಿಕೊಂಡೇ ಹೋಗಬೇಕಾಯಿತು, ಹೈದರಾಬಾದಿನ ಸೆಖೆಯಲ್ಲಿ.