ಚಳಿಗಾಲದ ಇಮ್ಯುನಿಟಿಗೆ ಸಲೈನ್, ಮಾತ್ರೆ, ಪೇರಲ, ಲಸಿಕೆ: ಯಾವುದು ಎಷ್ಟು ಕೆಲಸ ಮಾಡುತ್ತದೆ?

ಡಿಸೆಂಬರ್ ಬಂದು ಪುಣೆಯ ಬೆಳಗು ಹತ್ತು ಡಿಗ್ರಿಯ ಆಸುಪಾಸಿಗೆ ಇಳಿದರೆ ಮನೆಮನೆಯಲ್ಲೂ ಕೆಮ್ಮು, ನೆಗಡಿ. ಮುಂಬೈಯಲ್ಲಿ ಚಳಿ ಕಡಿಮೆ, ಆದರೆ ಸಮುದ್ರದ ಗಾಳಿ ಮಂದವಾಗಿ ಹೊಗೆ-ಧೂಳು ಊರ ಮೇಲೆಯೇ ಕೂರುತ್ತದೆ, ಗಂಟಲು ಕೆರೆಯುತ್ತದೆ. ಈ ಹೊತ್ತಿಗೆ ಸರಿಯಾಗಿ ‘ಇಮ್ಯುನಿಟಿ ಡ್ರಿಪ್’ ಜಾಹೀರಾತುಗಳೂ ಶುರುವಾಗುತ್ತವೆ. ನಮ್ಮ ಜನಕ್ಕೆ ಈ ಆಸೆ ಹೊಸದೇನಲ್ಲ. ಸುಸ್ತಾದರೆ ಸಾಕು, “ಒಂದು ಬಾಟಲಿ ಗ್ಲುಕೋಸ್ ಏರಿಸಿಬಿಡಿ ಡಾಕ್ಟ್ರೇ” ಎನ್ನುವುದು ಊರಿನಿಂದಲೇ ಬಂದ ರೂಢಿ. ಆ ಬಾಟಲಿಗೆ ಈಗ ವಿಟಮಿನ್ ಸೇರಿದೆ, ಬೆಲೆ ಕೆಲವು ಸಾವಿರ ರೂಪಾಯಿಗೆ ಏರಿದೆ.

ಸಲೈನ್, ಮಾತ್ರೆ, ಆಹಾರ, ಫ್ಲೂ ಲಸಿಕೆ ಈ ನಾಲ್ಕನ್ನೂ ಬಳಸಿ, ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ: ಹೊಟ್ಟೆ, ಕರುಳು ಸರಿಯಿರುವವರಿಗೆ ಸಲೈನ್ ಮೂಲಕ ಹೋಗುವ ವಿಟಮಿನ್ನಿನಿಂದ ನೆಗಡಿಯ ವಿಷಯದಲ್ಲಿ ಹೆಚ್ಚಿನ ಲಾಭವಿಲ್ಲ. ಯಾಕೆ ಎನ್ನುವುದು ವಿಟಮಿನ್ ಸಿ ದೇಹದಲ್ಲಿ ಏನಾಗುತ್ತದೆ ಎಂದು ನೋಡಿದರೆ ತಿಳಿಯುತ್ತದೆ.

ದಿನಕ್ಕೆ ಬೇಕಾದದ್ದು ಗಂಡಸರಿಗೆ 80 ಮಿಲಿಗ್ರಾಂ, ಹೆಂಗಸರಿಗೆ 65. ಬಾಯಿಂದ 200 ಮಿಲಿಗ್ರಾಂ ತೆಗೆದುಕೊಂಡರೆ ಕರುಳು ಹೆಚ್ಚುಕಡಿಮೆ ಪೂರ್ತಿ ಹೀರಿಕೊಳ್ಳುತ್ತದೆ. ಒಂದು ಗ್ರಾಂ ದಾಟಿದರೆ ಅರ್ಧಕ್ಕಿಂತ ಕಡಿಮೆ ಒಳಗೆ ಹೋಗುತ್ತದೆ, ಉಳಿದದ್ದು ಹೊಟ್ಟೆ ಕೆಡಿಸುತ್ತದೆ. ಡ್ರಿಪ್ ಮಾರುವವರು ಇಲ್ಲಿಗೇ ನಿಲ್ಲಿಸಿ, “ನೋಡಿ, ಮಾತ್ರೆ ವ್ಯರ್ಥ, ನರಕ್ಕೇ (ಅಂದರೆ ರಕ್ತನಾಳಕ್ಕೇ) ಕೊಟ್ಟರೆ ನೂರಕ್ಕೆ ನೂರು” ಎನ್ನುತ್ತಾರೆ. ರಕ್ತದ ಮಟ್ಟಿಗೆ ಆ ಮಾತು ನಿಜವೇ. ಆದರೆ ಸೋಂಕಿನ ಜೊತೆ ಹೋರಾಡುವುದು ಬಿಳಿರಕ್ತಕಣ. ಅದು ದಿನಕ್ಕೆ ಸುಮಾರು 100 ಮಿಲಿಗ್ರಾಂ ಸಿಕ್ಕರೇ ತುಂಬಿಕೊಳ್ಳುತ್ತದೆ. ತುಂಬಿದ ಕೊಡಕ್ಕೆ ಮತ್ತೆ ಸುರಿದರೆ ಚೆಲ್ಲುತ್ತದೆ, ಅಷ್ಟೇ. ರಕ್ತದಲ್ಲಿ ಹೆಚ್ಚಾದದ್ದನ್ನು ಕಿಡ್ನಿ ಕೆಲವೇ ಗಂಟೆಗಳಲ್ಲಿ ಮೂತ್ರಕ್ಕೆ ಸಾಗಿಸುತ್ತದೆ. ಬೆಳಿಗ್ಗೆ ಏರಿಸಿಕೊಂಡ ಸಲೈನ್ ಸಂಜೆಯ ಲೋಕಲ್ ರೈಲಿನ ನೂಕುನುಗ್ಗಲಿಗೆ ಕಾವಲಿರುವುದಿಲ್ಲ.

ನೆಗಡಿ ಮತ್ತು ವಿಟಮಿನ್ ಸಿ ಬಗ್ಗೆ ಆದ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ವಿಮರ್ಶೆ 2013ರಲ್ಲಿ ಬಂತು. ದಿನವೂ ವಿಟಮಿನ್ ಸಿ ತಿಂದವರಿಗೆ ನೆಗಡಿ ಬರುವುದೇನೂ ಕಡಿಮೆಯಾಗಲಿಲ್ಲ. ಬಂದ ನೆಗಡಿಯ ಅವಧಿ ಮಾತ್ರ ದೊಡ್ಡವರಲ್ಲಿ ಶೇಕಡ 8, ಮಕ್ಕಳಲ್ಲಿ ಶೇಕಡ 14ರಷ್ಟು ಮೊಟಕಾಯಿತು. ಮ್ಯಾರಥಾನ್ ಓಟಗಾರರು, ಕಡುಚಳಿಯಲ್ಲಿ ದುಡಿಯುವ ಸೈನಿಕರಂಥವರಿಗೆ ಮಾತ್ರ ನೆಗಡಿ ಬರುವುದು ಅರ್ಧಕ್ಕೆ ಇಳಿದದ್ದು. ನೆಗಡಿ ಶುರುವಾದ ಮೇಲೆ ತಿಂದವರಿಗೆ ನಂಬುವಂಥ ಲಾಭ ಕಾಣಲಿಲ್ಲ.

ಹಾಗಾದರೆ ಡ್ರಿಪ್ ಮುಗಿಸಿ ಎದ್ದಾಗ ಮೈ ಹಗುರಾದಂತೆ ಅನಿಸುವುದು ಸುಳ್ಳೇ? ಸುಳ್ಳಲ್ಲ. ನೀರು ಕುಡಿಯದೆ ದಿನ ಕಳೆದವರಿಗೆ ಅರ್ಧ ಲೀಟರ್ ದ್ರವ ಸಿಗುತ್ತದೆ, ಒಂದು ಗಂಟೆ ಫೋನಿಲ್ಲದೆ ಮಲಗಿದ ವಿಶ್ರಾಂತಿ ಸಿಗುತ್ತದೆ. ಮೆಗ್ನೀಸಿಯಂ ಸೇರಿಸಿದ್ದರೆ ರಕ್ತನಾಳ ಹಿಗ್ಗಿ ಎದೆ, ಗಂಟಲಲ್ಲಿ ಬೆಚ್ಚಗಿನ ಅನುಭವವಾಗುತ್ತದೆ. ಅಮೆರಿಕದ ಬಾಲ್ಟಿಮೋರ್‌ನ ಡಾಕ್ಟರ್ ಜಾನ್ ಮೈಯರ್ಸ್ ಕೊಡುತ್ತಿದ್ದ ಮಿಶ್ರಣ ‘ಮೈಯರ್ಸ್ ಕಾಕ್‌ಟೇಲ್’ ಎಂದೇ ಹೆಸರಾಗಿದೆ; ಅದರಲ್ಲೂ ಮೆಗ್ನೀಸಿಯಂ, ಕ್ಯಾಲ್ಸಿಯಂ, ಬಿ ಗುಂಪಿನ ವಿಟಮಿನ್‌ಗಳು, ಸಿ ಇರುತ್ತವೆ. ಆ ಬೆಚ್ಚನೆಯನ್ನು ಇಮ್ಯುನಿಟಿ ಎಂದು ಎಣಿಸಬಾರದು. ಮೆಗ್ನೀಸಿಯಂ ಬೇಗ ಹೋದರೆ ಬಿಪಿ ಇಳಿದು ಕಣ್ಣು ಕತ್ತಲಿಟ್ಟೀತು.

ಇಷ್ಟಾದರೂ ಹಾಕಿಸಿಕೊಳ್ಳುವವರಿದ್ದಾರೆ. ಅವರು ಸೂಜಿ ಚುಚ್ಚಿಸಿಕೊಳ್ಳುವ ಮುನ್ನ ಕೇಳಬೇಕಾದ ಮಾತುಗಳಿವೆ. ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ನೋಡಿದ್ದಾರೆಯೇ? ಹೆಚ್ಚಿನ ಪ್ರಮಾಣದ ವಿಟಮಿನ್ ಸಿ ದೇಹದಲ್ಲಿ ಆಕ್ಸಲೇಟ್ ಆಗುತ್ತದೆ. ಕಿಡ್ನಿ ದುರ್ಬಲವಿದ್ದರೆ, ಕಲ್ಲು ಬಂದ ಇತಿಹಾಸವಿದ್ದರೆ ಅದು ಅಲ್ಲೇ ಹರಳುಗಟ್ಟೀತು. ಪ್ರಮಾಣ ಹೆಚ್ಚಿದ್ದರೆ ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆ ಮಾಡಿಸಿದ್ದಾರೆಯೇ? ಆ ಕಿಣ್ವದ ಕೊರತೆ ಇರುವವರಲ್ಲಿ ಕೆಂಪುರಕ್ತಕಣ ಒಡೆದು ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತದೆ. ಪಾರ್ಸಿಗಳಲ್ಲಿ ಇದು ಹೆಚ್ಚಾಗಿ ಕಾಣುತ್ತದೆ, ಆದರೆ ಯಾವ ಸಮುದಾಯದಲ್ಲೂ ಇರಬಹುದು. ಇನ್ನು ಸಾಮಾನ್ಯ ಸಲೈನ್ ಎಂದರೆ 0.9 ಶೇಕಡ ಉಪ್ಪುನೀರು. ಅರ್ಧ ಲೀಟರಿನಲ್ಲಿ 4.5 ಗ್ರಾಂ ಉಪ್ಪಿರುತ್ತದೆ, ಇಡೀ ದಿನಕ್ಕೆ 5 ಗ್ರಾಂ ದಾಟಬಾರದು ಎನ್ನುವಲ್ಲಿ! ಬಿಪಿ ಇರುವವರು, ಹೃದಯ ದುರ್ಬಲವಿರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು, ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಹೆಚ್ಚು ಪ್ರಮಾಣದ ವಿಟಮಿನ್ ಸಿ ರಕ್ತದಲ್ಲಿದ್ದಾಗ ಮನೆಯ ಗ್ಲುಕೋಮೀಟರ್‌ಗಳಲ್ಲಿ ಹಲವು ಅದನ್ನೇ ಸಕ್ಕರೆ ಎಂದು ಓದುತ್ತವೆ. ನಿಜವಾದ ಸಕ್ಕರೆ 130 ಇದ್ದರೂ ಮೀಟರ್ ತುಂಬ ಹೆಚ್ಚು ತೋರಿಸಬಹುದು. ಅದನ್ನು ನಂಬಿ ಇನ್ಸುಲಿನ್ ಚುಚ್ಚಿಕೊಂಡರೆ ಸಕ್ಕರೆ ಪಾತಾಳಕ್ಕಿಳಿಯುತ್ತದೆ, ಆಗಲೂ ಮೀಟರ್ ‘ಸರಿಯಿದೆ’ ಎನ್ನಬಹುದು. ಡ್ರಿಪ್ ಆದ ದಿನ ಬೆರಳು ಚುಚ್ಚಿದ ಲೆಕ್ಕದ ಮೇಲೆ ಇನ್ಸುಲಿನ್ ಹೆಚ್ಚಿಸಬೇಡಿ, ಲ್ಯಾಬಿನಲ್ಲೇ ನೋಡಿಸಿ. ಕಿಡ್ನಿ ತೊಂದರೆಯಿದ್ದರೆ ಈ ತಪ್ಪು ಓದು ಇನ್ನೂ ಹೆಚ್ಚು ಕಾಲ ಉಳಿಯುತ್ತದೆ.

ಏರಿಸುವ ಕ್ರಮಕ್ಕೆ ಬಂದರೆ, ಆಂಪೂಲನ್ನು, ಅಂದರೆ ಔಷಧದ ಪುಟ್ಟ ಗಾಜಿನ ಸೀಸೆಯನ್ನು, ನಿಮ್ಮ ಕಣ್ಣೆದುರೇ ಒಡೆಯಬೇಕು. ಏನೇನು ಎಷ್ಟೆಷ್ಟು ಸೇರಿಸಿದರು, ಎಷ್ಟು ಗಂಟೆಗೆ ಎಂಬುದನ್ನು ಬಾಟಲಿಯ ಮೇಲೆ ಬರೆದು ಅಂಟಿಸಬೇಕು. ಮೊದಲೇ ಬೆರೆಸಿ ತಂದ ಬಾಟಲಿ ಬೇಡ. ದ್ರವ ಹಳದಿಯಾಗಿರುವುದು ಬಿ2 ಕಾರಣಕ್ಕೆ, ಅದಕ್ಕೆ ಹೆದರಬೇಕಿಲ್ಲ. ಕದಡಿದ್ದರೆ ಅಥವಾ ಕಣ ತೇಲುತ್ತಿದ್ದರೆ ಬೇಡವೆನ್ನಿ. ಬಿಸಿಲು ಬೀಳುವ ಕಿಟಕಿಯ ಪಕ್ಕ ತೂಗುಹಾಕಿದರೆ ಬೆಳಕಿಗೆ ವಿಟಮಿನ್ ಹಾಳಾಗುತ್ತದೆ. ನೀಲಿ ಬಣ್ಣದ 22 ನಂಬರಿನ ಸೂಜಿ ಸಾಕು. ಮಿಲಿಲೀಟರಿಗೆ 20 ಹನಿ ಬೀಳುವ ಸೆಟ್ಟಿನಲ್ಲಿ 250 ಮಿಲಿಲೀಟರನ್ನು ಒಂದು ಗಂಟೆಯಲ್ಲಿ ಕೊಡಬೇಕಾದರೆ ನಿಮಿಷಕ್ಕೆ ಸುಮಾರು 83 ಹನಿ. ಬೇಗ ಮನೆಗೆ ಹೋಗಬೇಕೆಂದು ಚಕ್ರ ತಿರುಗಿಸಿ ಓಡಿಸುವುದರಿಂದಲೇ ಅರ್ಧ ತೊಂದರೆಗಳು: ಉರಿ, ವಾಕರಿಕೆ, ತಲೆಸುತ್ತು. ಕೊಳವೆಯಲ್ಲಿ ಸಾಸಿವೆಯಷ್ಟು ಗುಳ್ಳೆ ಕಂಡರೆ ಗಾಬರಿ ಬೇಡ. ಸೂಜಿಯ ಸುತ್ತ ಊದಿ ತಣ್ಣಗಾಗಿದೆಯೆಂದರೆ ದ್ರವ ನರದ ಹೊರಗೆ ಹೋಗುತ್ತಿದೆ ಎಂದರ್ಥ. ತಕ್ಷಣ ನಿಲ್ಲಿಸಿ ಸೂಜಿ ತೆಗೆಸಬೇಕು, ಅದೇ ಜಾಗದಲ್ಲಿ ಮುಂದುವರಿಸಬಾರದು. ಎರಡು ಮೂರು ದಿನವಾದ ಮೇಲೆ ನರ ಹಗ್ಗದಂತೆ ಗಟ್ಟಿಯಾಗಿ ಕೆಂಪಾಗಿದ್ದರೆ, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ.

ಮನೆಗೆ, ಗೋವಾದ ಹೋಟೆಲ್ ಕೋಣೆಗೆ ಬಂದು ಏರಿಸಿ ಹೋಗುವ ಸೇವೆ ಖಂಡಿತ ಬೇಡ. ಥಯಾಮಿನ್ ಅಂದರೆ ಬಿ1 ಅಪರೂಪಕ್ಕೆ ತೀವ್ರ ಅಲರ್ಜಿ ತರುತ್ತದೆ. ಆಗ ತೊಡೆಯ ಹೊರಭಾಗದ ಸ್ನಾಯುವಿಗೆ 0.5 ಮಿಲಿಗ್ರಾಂ ಅಡ್ರಿನಲಿನ್ ಕೆಲವೇ ನಿಮಿಷದಲ್ಲಿ ಬೀಳಬೇಕು. ಆ ಇಂಜೆಕ್ಷನ್, ಆಕ್ಸಿಜನ್, ಅದನ್ನು ಕೊಡಬಲ್ಲ ಡಾಕ್ಟರ್ ಪಕ್ಕದಲ್ಲಿಲ್ಲದ ಕಡೆ ನರಕ್ಕೆ ಏನನ್ನೂ ಏರಿಸಿಕೊಳ್ಳಬಾರದು.

ಮಾತ್ರೆಯ ಲೆಕ್ಕ ಸರಳ. 500 ಮಿಲಿಗ್ರಾಂನ ಚೀಪುವ ಮಾತ್ರೆ ದಿನಕ್ಕೆ ಒಂದಕ್ಕಿಂತ ಹೆಚ್ಚು ಬೇಡ, ಅರ್ಧವೂ ಸಾಕು. ಇಡೀ ಸ್ಟ್ರಿಪ್ಪಿನ ಬೆಲೆ ಸಲೈನಿನ ಸೂಜಿ-ಕೊಳವೆಯಷ್ಟೂ ಆಗದು. ಚೀಪಿದ ಮೇಲೆ ಬಾಯಿ ಮುಕ್ಕಳಿಸಿ, ಇಲ್ಲವಾದರೆ ಹುಳಿಗೆ ಹಲ್ಲಿನ ಮೇಲ್ಪದರ ಸವೆಯುತ್ತದೆ. ನೀರಿನಲ್ಲಿ ನೊರೆಯೇಳುವ ಮಾತ್ರೆಯಲ್ಲಿ ಸೋಡಿಯಂ ಇರುವುದರಿಂದ ಬಿಪಿಯವರಿಗೆ ಅದು ಬೇಡ. ಸತುವಿನ (ಜಿಂಕ್) ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗಿದರೆ ವಾಕರಿಕೆ ಗ್ಯಾರಂಟಿ. ಡಾಕ್ಸಿಸೈಕ್ಲಿನ್, ಸಿಪ್ರೋಫ್ಲಾಕ್ಸಸಿನ್‌ನಂಥ ಆ್ಯಂಟಿಬಯಾಟಿಕ್ ನಡೆಯುತ್ತಿದ್ದರೆ ನಡುವೆ ಕೆಲವು ಗಂಟೆ ಅಂತರ ಬೇಕು, ಇಲ್ಲದಿದ್ದರೆ ಸತು ಆ ಔಷಧವನ್ನು ಹಿಡಿದುಕೊಂಡು ಒಳಗೆ ಬಿಡುವುದಿಲ್ಲ. ತಿಂಗಳುಗಟ್ಟಲೆ ಹೆಚ್ಚು ತಿಂದರೆ ದೇಹದಲ್ಲಿ ತಾಮ್ರ ಕಡಿಮೆಯಾಗುತ್ತದೆ.

ವಿಟಮಿನ್ ಡಿ3ಯ 60,000 ಯೂನಿಟ್ ಪುಡಿ ವಾರಕ್ಕೊಂದು, ಸಾಮಾನ್ಯವಾಗಿ ಎಂಟು ವಾರ, ಎಣ್ಣೆ-ತುಪ್ಪವಿರುವ ಊಟದ ಜೊತೆ. ಅದನ್ನು ದಿನಕ್ಕೊಂದರಂತೆ ಕುಡಿದು ಕ್ಯಾಲ್ಸಿಯಂ ಏರಿಸಿಕೊಂಡು ವಾಂತಿ, ಮಲಬದ್ಧತೆ, ತೀರದ ಬಾಯಾರಿಕೆ ಎಂದು ಆಸ್ಪತ್ರೆ ಸೇರುವವರಿದ್ದಾರೆ. ಪುಡಿ ಕೊಳ್ಳುವ ಮುನ್ನ ರಕ್ತ ಪರೀಕ್ಷೆ ಮಾಡಿಸಿದರೆ ಬೇಕೋ ಬೇಡವೋ ಗೊತ್ತಾಗುತ್ತದೆ. ಬಿ12 ಕೂಡ ಹಾಗೆಯೇ: ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅಥವಾ ಗ್ಯಾಸಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರು ಪರೀಕ್ಷಿಸಿಕೊಳ್ಳಬೇಕು. ಕೊರತೆ ಇದ್ದರೆ ಸ್ನಾಯುವಿಗೆ ಕೊಡುವ ಇಂಜೆಕ್ಷನ್ ಇದೆ, ಅದಕ್ಕೆ ಬಾಟಲಿ ಬೇಕಿಲ್ಲ. ವಿಟಮಿನ್ ನಿಜಕ್ಕೂ ನರದಿಂದಲೇ ಹೋಗಬೇಕಾದವರು ಬೇರೆ: ಕರುಳಿನ ಆಪರೇಷನ್ ಆದವರು, ಬಾಯಿಂದ ಏನೂ ಉಳಿಯದಷ್ಟು ವಾಂತಿ ಇರುವವರು, ಕುಡಿತದಿಂದ ಬಿ1 ಪೂರ್ತಿ ಬತ್ತಿದವರು.

ಆಹಾರದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಚಳಿಗಾಲದಲ್ಲಿ ಪುಣೆಯ ಗಾಡಿಗಳಲ್ಲಿ ‘ಪೇರು’ ಎಂದು ಮಾರುವ ನಮ್ಮ ಪೇರಲೆಯ 100 ಗ್ರಾಂನಲ್ಲಿ ಸುಮಾರು 200 ಮಿಲಿಗ್ರಾಂ ವಿಟಮಿನ್ ಸಿ ಇದೆ. ಮಧ್ಯಮ ಗಾತ್ರದ ಒಂದು ಹಣ್ಣು ತಿಂದರೆ ದಿನದ ಲೆಕ್ಕ ಮುಗಿದು ಮಿಕ್ಕುತ್ತದೆ. ಬೆಟ್ಟದ ನೆಲ್ಲಿಕಾಯಿಯಲ್ಲಿ ಇನ್ನೂ ಹೆಚ್ಚು. ಕುದಿಸಿ ನೀರು ಚೆಲ್ಲಿದರೆ ಸಿ ಅದರೊಂದಿಗೇ ಹೋಗುತ್ತದೆ. ಹಸಿಯಾಗಿ ತಿನ್ನಿ, ಇಲ್ಲವೇ ತಂಬುಳಿ ಮಾಡಿ.

ಈ ನಾಲ್ಕರಲ್ಲಿ ಒಂದು ನಿರ್ದಿಷ್ಟ ವೈರಸ್ಸಿನ ವಿರುದ್ಧ ದೇಹಕ್ಕೆ ತರಬೇತಿ ಕೊಡುವುದು ಫ್ಲೂ ಲಸಿಕೆ ಮಾತ್ರ. ಸಾಮಾನ್ಯ ನೆಗಡಿಯನ್ನು ಅದು ತಡೆಯುವುದಿಲ್ಲ, ನ್ಯುಮೋನಿಯಾವರೆಗೆ ಒಯ್ಯಬಲ್ಲ ಇನ್‌ಫ್ಲುಯೆಂಜಾವನ್ನು ತಡೆಯಲು ಅದು ಇರುವುದು. ಹಂದಿಜ್ವರ ಎನ್ನುವ ಎಚ್1ಎನ್1 ಫ್ಲೂನಿಂದ ದೇಶದ ಮೊದಲ ಸಾವು 2009ರ ಆಗಸ್ಟ್‌ನಲ್ಲಿ ಪುಣೆಯಲ್ಲೇ ಆದದ್ದು. ತಿಂಗಳನ್ನು ಗಮನಿಸಿ, ಆಗಸ್ಟ್. ನಮ್ಮ ಈ ಭಾಗದಲ್ಲಿ ಫ್ಲೂ ಮಳೆಗಾಲದಲ್ಲೊಮ್ಮೆ ಜೋರಾಗುತ್ತದೆ, ಚಳಿಗಾಲದಲ್ಲಿ ಇನ್ನೊಮ್ಮೆ ತಲೆಯೆತ್ತುತ್ತದೆ. ಆದ್ದರಿಂದ ಡಿಸೆಂಬರಿಗೆ ಕಾಯದೆ ಮೇ ಹೊತ್ತಿಗೇ ಹಾಕಿಸಿಕೊಳ್ಳುವುದು ಒಳ್ಳೆಯದು. ತಪ್ಪಿದ್ದರೆ ಚಳಿಗೆ ಮೊದಲು ಹಾಕಿಸಿಕೊಳ್ಳಿ. ತೋಳಿನ ಸ್ನಾಯುವಿಗೆ 0.5 ಮಿಲಿಲೀಟರ್. ರಕ್ಷಣೆ ಬರಲು ಎರಡು ವಾರ ಬೇಕು. ವೈರಸ್ ಬದಲಾಗುತ್ತಿರುವುದರಿಂದ ಪ್ರತಿ ವರ್ಷವೂ ಬೇಕು. ಮೆಡಿಕಲ್ ಶಾಪಿನಿಂದ ನೀವೇ ಕೊಂಡು ಕ್ಲಿನಿಕ್ಕಿಗೆ ಒಯ್ಯುವುದಾದರೆ ಐಸ್ ಪ್ಯಾಕಿನ ಡಬ್ಬಿಯಲ್ಲಿ ಒಯ್ಯಿರಿ, ಆದರೆ ಸಿರಿಂಜು ಐಸಿಗೆ ತಾಕಬಾರದು: 2ರಿಂದ 8 ಡಿಗ್ರಿಯಲ್ಲಿರಬೇಕಾದ ಲಸಿಕೆ ಹೆಪ್ಪುಗಟ್ಟಿದರೆ ಅದನ್ನು ಬಿಸಾಡಬೇಕು.