ದಿಶಾಂಕ್ ಆ್ಯಪ್ ಹಿಡಿದು ನಮ್ಮೂರಿನ ಹಳೇ ಕತೆ ಹುಡುಕಿದ್ದು

ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪನ್ನು ಜಾಸ್ತಿ ಜನ ಹಾಕಿಕೊಳ್ಳುವುದು ಸೈಟು ತಗೊಳ್ಳುವ ಮುಂಚೆ ಸರ್ವೆ ನಂಬರ್ ನೋಡಲಿಕ್ಕೆ. ನಾನು ಮೂರು ತಿಂಗಳಿಂದ ಬಳಸುತ್ತಿರುವುದು ಪಾಂಡವಪುರದ ಕಡೆಯ ನಮ್ಮೂರಿನ ಹಳೇ ಕತೆ ಹುಡುಕಲು. ಪುಕ್ಕಟೆ ಬೇರೆ. ಹೊಲದಲ್ಲಿ ನಿಂತು ತೆರೆದರೆ ಸಾಕು, ನಿಂತ ಜಾಗದ ಸರ್ವೆ ನಂಬರ್, ಗ್ರಾಮ, ಹೋಬಳಿ ಎಲ್ಲ ಬರುತ್ತದೆ.

ಜೊತೆಗೆ ಕಂದಾಯ ಇಲಾಖೆಯ ಜಾಲತಾಣದಿಂದ ಗ್ರಾಮ ನಕ್ಷೆಯ ಪಿಡಿಎಫ್ ಇಳಿಸಿಕೊಳ್ಳಿ. ಕೆರೆ, ಹಳ್ಳ, ಬಂಡಿದಾರಿ, ಗ್ರಾಮಠಾಣ (ಊರಿನ ಮನೆಗಳಿಗೆ ಅಂತ ಇರುವ ಜಾಗ) ಅದರಲ್ಲಿ ಸಿಗುತ್ತವೆ. ನಾನು ಮಂಡ್ಯದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ, ಅವರು ಹಾಳೆಗೆ ಹಿಡಿಸಲಿ ಅಂತ ಕುಗ್ಗಿಸಿಬಿಟ್ಟರು, ಸ್ಕೇಲ್ ಕೆಟ್ಟು ಒಂದು ಅಳತೆಯೂ ಕೂಡಿಬರಲಿಲ್ಲ. ಇದ್ದ ಸೈಜಲ್ಲೇ ತೆಗೆಯಿರಿ ಅಂತ ಮೊದಲೇ ಹೇಳಿ.

ನಮ್ಮೂರ ಪಕ್ಕದಲ್ಲಿ ಒಂದು ಗ್ರಾಮವಿದೆ. ಹೆಸರಿದೆ, ಸರ್ವೆ ನಂಬರುಗಳಿವೆ, ಒಂದು ಮನೆಯೂ ಇಲ್ಲ! ದಾಖಲೆಯಲ್ಲಿ ಇಂಥ ಊರನ್ನು ಬೇಚರಾಕ್ ಗ್ರಾಮ ಅನ್ನುತ್ತಾರೆ. ಪಾರ್ಸಿ ಮಾತು, ದೀಪವಿಲ್ಲದ್ದು ಅಂತ ಅರ್ಥ. ನಕ್ಷೆಯಲ್ಲಿ ಅದರ ಗ್ರಾಮಠಾಣ ಹುಡುಕಿ ದಿಶಾಂಕ್ ಹಿಡಿದು ನಡೆದೆ. ಕಬ್ಬಿನ ಗದ್ದೆಗಳ ನಡುವೆ ಒಂದು ಬೇವಿನ ಮರ, ಬುಡದಲ್ಲಿ ಅರಿಶಿನ ಕುಂಕುಮ ಕಾಣದೆ ಎಷ್ಟು ಕಾಲವಾಗಿತ್ತೋ ಒಂದು ಕಲ್ಲು. ದೊಡ್ಡಪ್ಪನಿಗೆ ಫೋಟೊ ತೋರಿಸಿದೆ. "ನಮ್ಮಜ್ಜಿ ವರ್ಷಕ್ಕೊಂದ್ಸಲ ಅಲ್ಲಿಗೆ ತಂಬಿಟ್ಟಾರತಿ ತಗೊಂಡು ಹೋಗೋರು ಕಣಪ್ಪ" ಅಂದರು. ಇಷ್ಟು ವರ್ಷ ನಾವೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಇಂಚಿಗೆ ಒಂದು ಮೈಲಿ ಲೆಕ್ಕದ ಹಳೇ ಸರ್ವೆ ಶೀಟು ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಹಳೇ ನಕ್ಷೆಗಳಲ್ಲಿ ಪಾಂಡವಪುರದ ಹೆಸರು ಫ್ರೆಂಚ್ ರಾಕ್ಸ್, ಹೈದರ್ ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಜಾಗ ಅಂತ. ನಮ್ಮ ಹಿರಿಯರಿಗೆ ಮಾತ್ರ ಅದು ಹಿರೋಡೆ. 1939ಕ್ಕೂ ಹಿಂದಿನ ನಕ್ಷೆಯಲ್ಲಿ ಮಂಡ್ಯ ಜಿಲ್ಲೆಯೇ ಇಲ್ಲ, ಎಲ್ಲ ಮೈಸೂರು ಜಿಲ್ಲೆ. ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ಕೆಲಸ ಶುರುವಾಗಿದ್ದು 1911ರಲ್ಲಿ, ಅದಕ್ಕೂ ಹಿಂದಿನ ಶೀಟಾದರೆ ಈಗ ಬರೀ ನೀರು ಕಾಣುವ ಕಡೆ ಹಳೇ ಕನ್ನಂಬಾಡಿ ಊರು ಇರುತ್ತದೆ. ಅದನ್ನು ನೋಡಿದಾಗ ಸುಮ್ನೆ ಕೂತುಬಿಡುತ್ತೇವೆ ಅಲ್ವಾ.

ಐದಕ್ಕೆ ಐದು ಕೊಡುತ್ತೇನೆ. ಆದರೆ ಮೊಬೈಲ್ ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ಆಗುತ್ತದೆ. ಬದುವಿನ ಜಗಳಕ್ಕೆ ಇದನ್ನು ತೋರಿಸಬೇಡಿ, ಅದಕ್ಕೆ ಅರ್ಜಿ ಹಾಕಿ ಸರ್ವೆಯವರನ್ನೇ ಕರೆಸಿ ಹದ್ದುಬಸ್ತು (ಜಮೀನಿನ ಗಡಿ ಅಳೆದು ಗುರುತಿಸುವುದು) ಮಾಡಿಸಬೇಕು.